ಭಟ್ಕಳ–ಹೊನ್ನಾವರ–ಕುಮಟಾ ಕರಾವಳಿಯಲ್ಲಿ ದ್ಯುತಿತಂತು ಜಾಲದ ನಿರ್ವಹಣೆ

ದ್ಯುತಿತಂತು ಜಾಲದ ನಿರ್ವಹಣೆ ಎಂದರೆ ಬೆಳಕಿನ ಮಿಡಿತಗಳ ಮೂಲಕ ದೂರವಾಣಿ ಮಾತು, ಅಂತರಜಾಲ ಮತ್ತು ದತ್ತಾಂಶವನ್ನು ಸಾಗಿಸುವ ಗಾಜಿನ ತಂತುಗಳ ಕೇಬಲ್‌ಗಳನ್ನು ಸುಸ್ಥಿತಿಯಲ್ಲಿಡುವ ಹಾಗೂ ಅವು ತುಂಡಾದಾಗ ಮರಳಿ ಜೋಡಿಸುವ ಕಾರ್ಯ. ಬಳಕೆಯಲ್ಲಿ ಇವನ್ನು ಆಪ್ಟಿಕಲ್ ಫೈಬರ್ ಕೇಬಲ್, ಸಂಕ್ಷಿಪ್ತವಾಗಿ ಓಎಫ್‌ಸಿ ಎನ್ನುತ್ತಾರೆ. ಕೇಬಲ್ ತುಂಡಾದುದರಿಂದಾಗಲಿ, ದುರಸ್ತಿಗೆಂದು ತಾವಾಗಿಯೇ ನಿಲ್ಲಿಸಿದುದರಿಂದಾಗಲಿ ಸೇವೆ ಇಲ್ಲದಿರುವ ಕಾಲಕ್ಕೆ ಸ್ಥಗಿತಾವಧಿ ಅಥವಾ ಡೌನ್‌ಟೈಮ್ ಎಂದು ಹೆಸರು. ಉತ್ತರ ಕನ್ನಡ ಜಿಲ್ಲೆಯ ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲ್ಲೂಕುಗಳಲ್ಲಿ ಇಕ್ಕಟ್ಟಾದ ಭೂಪ್ರದೇಶ, ಭಾರಿ ಮಳೆ, ಗುಡ್ಡ ಕುಸಿತ ಹಾಗೂ ಹೆದ್ದಾರಿ ಅಗಲೀಕರಣಗಳು ಒಟ್ಟುಗೂಡಿರುವುದರಿಂದ ಈ ಅವಧಿಯನ್ನು ತಗ್ಗಿಸುವುದು ಬಯಲುಸೀಮೆಗಿಂತ ಕಷ್ಟದ ಕೆಲಸವಾಗಿದೆ.

ಭೌಗೋಳಿಕ ಹಿನ್ನೆಲೆ

ಕುಮಟಾ, ಹೊನ್ನಾವರ ಮತ್ತು ಭಟ್ಕಳ ಪಟ್ಟಣಗಳು ಉತ್ತರದಿಂದ ದಕ್ಷಿಣಕ್ಕೆ ಒಂದೇ ಸಾಲಿನಲ್ಲಿವೆ. ಕುಮಟಾದಿಂದ ಭಟ್ಕಳಕ್ಕೆ ರಸ್ತೆಯ ದೂರ ಸುಮಾರು 60 ಕಿ.ಮೀ. ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಪೂರ್ವಕ್ಕೆ ಸಹ್ಯಾದ್ರಿ. ಇವೆರಡರ ನಡುವಿನ ಕಿರಿದಾದ ಪಟ್ಟಿಯಲ್ಲಿಯೇ ರಾಷ್ಟ್ರೀಯ ಹೆದ್ದಾರಿ 66, ಕೊಂಕಣ ರೈಲು ಮಾರ್ಗ, ವಿದ್ಯುತ್ ತಂತಿಗಳು, ಕುಡಿಯುವ ನೀರಿನ ಕೊಳವೆಗಳು ಮತ್ತು ದೂರಸಂಪರ್ಕ ಕೇಬಲ್‌ಗಳು ಸಾಗಬೇಕಾಗಿದೆ. ಕೆಲವೆಡೆ ಗುಡ್ಡದ ಬುಡಕ್ಕೂ ಹೊಳೆಯ ದಡಕ್ಕೂ ನಡುವೆ ರಸ್ತೆಯೊಂದಕ್ಕೆ ಸಾಕಾಗುವಷ್ಟೇ ಜಾಗವಿದೆ. ಕುಮಟಾದ ಬಳಿ ಅಘನಾಶಿನಿ ಹಾಗೂ ಹೊನ್ನಾವರದಲ್ಲಿ ಶರಾವತಿ ಸಮುದ್ರವನ್ನು ಸೇರುತ್ತವೆ. ಹೊನ್ನಾವರದ ಶರಾವತಿ ರೈಲು ಸೇತುವೆ ಎರಡು ಕಿ.ಮೀ.ಗಿಂತ ಉದ್ದವಾಗಿದ್ದು ಕೊಂಕಣ ರೈಲು ಮಾರ್ಗದಲ್ಲಿಯೇ ಅತಿ ಉದ್ದದ್ದು. ಈ ಅಳಿವೆಗಳನ್ನು ದಾಟಲು ಕೇಬಲ್‌ಗಳಿಗೆ ಸೇತುವೆಯೇ ಸಹಜವಾದ ಆಸರೆ. ಸೇತುವೆಯ ಪಕ್ಕದಲ್ಲಿ ಕಬ್ಬಿಣದ ಕೊಳವೆಯೊಳಗೆ ಅವನ್ನು ಸಾಗಿಸುತ್ತಾರೆ. ಉಪ್ಪುಗಾಳಿಗೆ ಕೊಳವೆಯೂ ಅದನ್ನು ಹಿಡಿದಿರುವ ಕೊಂಡಿಗಳೂ ಬೇಗನೆ ತುಕ್ಕು ಹಿಡಿಯುವುದರಿಂದ ಸೇತುವೆಯ ಭಾಗಕ್ಕೆ ಪ್ರತ್ಯೇಕ ತಪಾಸಣೆ ಅಗತ್ಯವಾಗುತ್ತದೆ.

ನೆಲ ಬಹುಮಟ್ಟಿಗೆ ಜಂಬಿಟ್ಟಿಗೆಯದು. ಸ್ಥಳೀಯವಾಗಿ ಚಿರೆಕಲ್ಲು ಎನಿಸಿಕೊಳ್ಳುವ ಈ ಕಲ್ಲಿನಲ್ಲಿ ಆಳದ ಕಾಲುವೆ ತೋಡುವುದು ವೆಚ್ಚದ ಕೆಲಸ. ಭಾರತದಲ್ಲಿ ದೂರಗಾಮಿ ಕೇಬಲ್‌ಗಳನ್ನು ಸಾಮಾನ್ಯವಾಗಿ 165 ಸೆಂ.ಮೀ. ಆಳದಲ್ಲಿ, ಪ್ಲಾಸ್ಟಿಕ್ ಕೊಳವೆಯೊಳಗೆ ಹಾಕಬೇಕೆಂಬ ಮಾನದಂಡವಿದೆ. ಕಲ್ಲುನೆಲದಲ್ಲಿ ಕಡಿಮೆ ಆಳಕ್ಕೆ ಅವಕಾಶವಿದ್ದರೂ ಕಬ್ಬಿಣದ ಕೊಳವೆಯ ಅಥವಾ ಕಾಂಕ್ರೀಟಿನ ಹೆಚ್ಚುವರಿ ರಕ್ಷಣೆ ಕೊಡಬೇಕು. ಆ ರಕ್ಷಣೆಯನ್ನು ಉಳಿತಾಯ ಮಾಡಿದ ಕಡೆಯಲ್ಲಿಯೇ ಮುಂದೆ ಕೇಬಲ್ ಪದೇ ಪದೇ ತುಂಡಾಗುತ್ತದೆ.

ಜಾಲದ ಬೆಳವಣಿಗೆ

ಗಾಜಿನ ತಂತುವಿನ ಮೂಲಕ ಸಂಪರ್ಕ ಸಾಧ್ಯವೆಂದು ಚಾರ್ಲ್ಸ್ ಕಾವೋ 1966ರಲ್ಲಿ ತೋರಿಸಿಕೊಟ್ಟರು. ಅದಕ್ಕಾಗಿ ಅವರಿಗೆ 2009ರಲ್ಲಿ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಸೇವೆಗಳು 2000ದ ಅಕ್ಟೋಬರ್ 1ರಂದು ಭಾರತ ಸಂಚಾರ ನಿಗಮಕ್ಕೆ (ಬಿಎಸ್‌ಎನ್‌ಎಲ್) ವರ್ಗವಾದವು. ಮೂರು ತಾಲ್ಲೂಕುಗಳ ಸ್ಥಿರ ದೂರವಾಣಿಗೆ 08385 (ಭಟ್ಕಳ), 08386 (ಕುಮಟಾ) ಮತ್ತು 08387 (ಹೊನ್ನಾವರ) ಎಂಬ ಪ್ರತ್ಯೇಕ ಸಂಕೇತಗಳಿವೆ. 1998ರ ಜನವರಿಯಲ್ಲಿ ಪೂರ್ಣವಾಗಿ ಸಂಚಾರಕ್ಕೆ ತೆರೆದ ಕೊಂಕಣ ರೈಲು ಮಾರ್ಗದ ಉದ್ದಕ್ಕೂ ರೈಲ್ವೆಯ ಸ್ವಂತ ದ್ಯುತಿತಂತು ಕೇಬಲ್ ಇದೆ. ಖಾಸಗಿ ಮೊಬೈಲ್ ಕಂಪನಿಗಳು ಹೆದ್ದಾರಿಯ ಬದಿಯಲ್ಲಿ ತಮ್ಮ ತಮ್ಮ ಕೇಬಲ್‌ಗಳನ್ನು ಹಾಕಿಕೊಂಡಿವೆ. ಪಟ್ಟಣಗಳ ಒಳಗೆ ಸ್ಥಳೀಯ ಕೇಬಲ್ ಆಪರೇಟರ್‌ಗಳು ಕಂಬದಿಂದ ಕಂಬಕ್ಕೆ ಎಳೆದ ತಂತುಗಳು ಮನೆಗಳನ್ನು ತಲುಪುತ್ತವೆ.

ಗ್ರಾಮ ಪಂಚಾಯಿತಿಗಳಿಗೆ ದ್ಯುತಿತಂತು ಸಂಪರ್ಕ ಕಲ್ಪಿಸುವ ರಾಷ್ಟ್ರೀಯ ಯೋಜನೆಗೆ 2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ನೀಡಿತು. 2015ರಲ್ಲಿ ಅದಕ್ಕೆ ಭಾರತ್‌ನೆಟ್ ಎಂಬ ಹೆಸರು ಬಂದಿತು. ಮೊದಲ ಹಂತದಲ್ಲಿ ತಾಲ್ಲೂಕು ಕೇಂದ್ರದಿಂದ ಪಂಚಾಯಿತಿಗೆ ಕವಲೊಡೆದ ಒಂಟಿ ದಾರಿಯ ವಿನ್ಯಾಸವನ್ನು ಅನುಸರಿಸಲಾಯಿತು. ಬುಡದಲ್ಲಿ ಒಂದು ಕಡೆ ತುಂಡಾದರೆ ತುದಿಯ ಪಂಚಾಯಿತಿಗಳೆಲ್ಲ ಒಟ್ಟಿಗೆ ಕತ್ತಲಾಗುವುದು ಆ ವಿನ್ಯಾಸದ ದೊಡ್ಡ ಕೊರತೆಯಾಗಿತ್ತು.

ಕೇಬಲ್ ತುಂಡಾಗುವ ಕಾರಣಗಳು

ಅಗೆತವೇ ಮೊದಲ ಕಾರಣ. ಹಿಂದೆ ರಾಷ್ಟ್ರೀಯ ಹೆದ್ದಾರಿ 17 ಎನಿಸಿದ್ದ ಈಗಿನ 66ನ್ನು ಗೋವಾ ಗಡಿಯಿಂದ ಕುಂದಾಪುರದವರೆಗೆ ಚತುಷ್ಪಥವಾಗಿ ಅಗಲಗೊಳಿಸುವ ಕಾಮಗಾರಿ 2010ರ ದಶಕದ ಮಧ್ಯಭಾಗದಲ್ಲಿ ಆರಂಭವಾಗಿ ಮುಂದೆ ಬಹುಕಾಲ ಸಾಗಿತು. ದ್ವಿಪಥದ ಅಂಚಿನಲ್ಲಿ ಹೂತಿದ್ದ ಕೇಬಲ್‌ಗಳು ಹೊಸ ರಸ್ತೆಯ ನಡುವಿಗೆ ಬಂದವು. ಅವನ್ನು ಹೊಸ ಅಂಚಿಗೆ ಸ್ಥಳಾಂತರಿಸಿದ ಮೇಲೆ ಚರಂಡಿ, ಸೇವಾ ರಸ್ತೆ, ಮೇಲ್ಸೇತುವೆಗಳಿಗೆಂದು ಅದೇ ಅಂಚನ್ನು ಮತ್ತೆ ಅಗೆಯುವುದು ಇಂತಹ ಕಾಮಗಾರಿಗಳಲ್ಲಿ ಎಲ್ಲೆಡೆ ಕಂಡುಬರುವ ಸಂಗತಿ. ಇದರೊಂದಿಗೆ ಮನೆ ಮನೆಗೆ ನೀರು ಒದಗಿಸುವ ಕೊಳವೆಗಳ ಅಗೆತ, ಪಟ್ಟಣಗಳ ಒಳಚರಂಡಿ ಕೆಲಸ, ಖಾಸಗಿಯವರ ಕಾಂಪೌಂಡು ಪಾಯ ಇವೆಲ್ಲ ಸೇರುತ್ತವೆ. ಜೆಸಿಬಿ ಚಾಲಕನಿಗೆ ನೆಲದಡಿಯಲ್ಲಿ ಏನಿದೆಯೆಂದು ತಿಳಿಸುವ ನಕ್ಷೆ ಕೈಯಲ್ಲಿಲ್ಲದಿರುವಾಗ ಹೊಣೆಯನ್ನೆಲ್ಲ ಅವನ ಮೇಲೆ ಹೊರಿಸುವುದು ನ್ಯಾಯವಲ್ಲ.

ಎರಡನೆಯದು ಮಳೆ. ಈ ಕರಾವಳಿಯ ವಾರ್ಷಿಕ ಸರಾಸರಿ ಮಳೆ 3,000 ಮಿ.ಮೀ.ಗಿಂತ ಹೆಚ್ಚು, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸುರಿಯುತ್ತದೆ. ರಸ್ತೆಗಾಗಿ ಕಡಿದಾಗಿ ಕತ್ತರಿಸಿದ ಗುಡ್ಡಗಳು ನೀರು ಕುಡಿದು ಕುಸಿಯುತ್ತವೆ. 2017ರ ಜೂನ್‌ನಲ್ಲಿ ಕುಮಟಾ ತಾಲ್ಲೂಕಿನ ತಂಡ್ರಕುಳಿಯಲ್ಲಿ ಹೆದ್ದಾರಿ ಬದಿಯ ಗುಡ್ಡ ಕುಸಿದು ಮಕ್ಕಳು ಸಾವಿಗೀಡಾದರು. 2022ರ ಆಗಸ್ಟ್ 2ರಂದು ಭಟ್ಕಳದಲ್ಲಿ ಸುರಿದ ಅಸಾಧಾರಣ ಮಳೆಗೆ ಪಟ್ಟಣ ಜಲಾವೃತವಾಯಿತು. ಮುಟ್ಟಳ್ಳಿಯಲ್ಲಿ ಮನೆಯ ಮೇಲೆ ಗುಡ್ಡ ಜರಿದು ಒಂದೇ ಕುಟುಂಬದ ನಾಲ್ವರು ಮೃತಪಟ್ಟರು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡವು ಹೆದ್ದಾರಿಯನ್ನು ದಾಟಿ ಗಂಗಾವಳಿ ನದಿಗೆ ಜಾರಿತು. ಹಲವರು ಪ್ರಾಣ ಕಳೆದುಕೊಂಡರು. ಹೆದ್ದಾರಿ ಅನೇಕ ದಿನ ಮುಚ್ಚಿತ್ತು. ಅದೇ ವರ್ಷದ ಆಗಸ್ಟ್ 7ರಂದು ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿದುಬಿದ್ದಿತು. ಜೀವಹಾನಿಯ ಮುಂದೆ ಕೇಬಲ್ಲಿನ ಮಾತು ಚಿಕ್ಕದು. ಆದರೆ ಇಂತಹ ದಿನಗಳಲ್ಲಿಯೇ ಆಂಬುಲೆನ್ಸ್, ಅಗ್ನಿಶಾಮಕ ದಳ ಮತ್ತು ತಾಲ್ಲೂಕು ಆಡಳಿತಕ್ಕೆ ಸಂಪರ್ಕ ಅತ್ಯಗತ್ಯವಾಗಿರುತ್ತದೆ. ಹೆದ್ದಾರಿ ಮುಚ್ಚಿದರೆ ದುರಸ್ತಿ ತಂಡವೂ ಸ್ಥಳವನ್ನು ತಲುಪಲಾರದು.

ಶಿರೂರು ಎಂಬ ಹೆಸರಿನ ಇನ್ನೊಂದು ಊರು ಭಟ್ಕಳದ ದಕ್ಷಿಣಕ್ಕೆ ಉಡುಪಿ ಜಿಲ್ಲೆಯಲ್ಲಿ ಇದೇ ಹೆದ್ದಾರಿಯ ಮೇಲಿದೆ. ದೂರುಗಳನ್ನು ದಾಖಲಿಸುವಾಗ ತಾಲ್ಲೂಕಿನ ಹೆಸರನ್ನೂ ಸೇರಿಸದಿದ್ದರೆ ತಂಡವು ತದ್ವಿರುದ್ಧ ದಿಕ್ಕಿಗೆ ಹೊರಡುವ ಸಂಭವವುಂಟು.

ಉಳಿದ ಕಾರಣಗಳು ಗಾಳಿಗೆ ಬೀಳುವ ಮರ, ಕಂಬಕ್ಕೆ ಗುದ್ದುವ ವಾಹನ, ಎತ್ತರದ ಸರಕಿನ ಲಾರಿಗೆ ಸಿಲುಕುವ ಜೋತುಬಿದ್ದ ತಂತಿ, ಇಲಿ ಹೆಗ್ಗಣಗಳ ಕಡಿತ ಮುಂತಾದವು. ಕೆಲವು ವೇಳೆ ತಾಮ್ರವೆಂದು ಭ್ರಮಿಸಿ ಕೇಬಲನ್ನು ಕತ್ತರಿಸುವುದೂ ಉಂಟು. ಗಾಜಿನ ತಂತುವಿಗೆ ಗುಜರಿಯಲ್ಲಿ ಬೆಲೆಯಿಲ್ಲ.

ಸ್ಥಗಿತಾವಧಿಯ ಲೆಕ್ಕ

ಜಾಲದ ಲಭ್ಯತೆಯನ್ನು ಶೇಕಡಾವಾರಿನಲ್ಲಿ ಹೇಳುವುದು ವಾಡಿಕೆ. ವರ್ಷಕ್ಕೆ 8,760 ಗಂಟೆಗಳು. ಶೇ. 99.9 ಲಭ್ಯತೆ ಎಂದರೆ ವರ್ಷಕ್ಕೆ ಸುಮಾರು 8 ಗಂಟೆ 46 ನಿಮಿಷ ಸೇವೆ ಇಲ್ಲ, ಶೇ. 99.99 ಎಂದರೆ ಸುಮಾರು 53 ನಿಮಿಷ, ಶೇ. 99.999 ಎಂದರೆ ಐದು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು. ಕೇಳಲು ಎಲ್ಲವೂ ನೂರಕ್ಕೆ ಹತ್ತಿರದ ಸಂಖ್ಯೆಗಳೇ. ಆದ್ದರಿಂದ ಗಂಟೆಗೆ ಪರಿವರ್ತಿಸಿ ನೋಡದ ಹೊರತು ಜಾಹೀರಾತಿನ ಶೇಕಡಾವಾರು ಏನನ್ನೂ ತಿಳಿಸುವುದಿಲ್ಲ.

ಒಂದು ಕಾಲ್ಪನಿಕ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಒಂದು ಕೇಬಲ್ ಮಾರ್ಗ ತಿಂಗಳಿಗೊಮ್ಮೆ ತುಂಡಾಗಿ, ಪ್ರತಿ ಸಲವೂ ದುರಸ್ತಿಗೆ ಆರು ಗಂಟೆ ಹಿಡಿದರೆ ವರ್ಷಕ್ಕೆ 72 ಗಂಟೆ ಸೇವೆ ಇಲ್ಲ, ಲಭ್ಯತೆ ಶೇ. 99.18. ದುರಸ್ತಿಯ ಕಾಲವನ್ನು ಮೂರು ಗಂಟೆಗೆ ಇಳಿಸಿದರೆ 36 ಗಂಟೆ; ಲಭ್ಯತೆ ಶೇ. 99.59. ಅದೇ ಗುಣಮಟ್ಟದ, ಆದರೆ ಸಂಪೂರ್ಣ ಬೇರೆ ದಾರಿಯಲ್ಲಿ ಹೋಗುವ ಇನ್ನೊಂದು ಕೇಬಲ್ ಇದ್ದು, ಒಂದು ತುಂಡಾದ ಕೂಡಲೇ ಇನ್ನೊಂದಕ್ಕೆ ಸೇವೆ ತಾನಾಗಿ ಹೊರಳುವಂತಿದ್ದರೆ, ಆರು ಗಂಟೆಯ ದುರಸ್ತಿಯಲ್ಲಿಯೂ ಎರಡೂ ಏಕಕಾಲಕ್ಕೆ ಕೆಡುವ ಅವಧಿ ವರ್ಷಕ್ಕೆ ಸುಮಾರು 36 ನಿಮಿಷಕ್ಕೆ ಇಳಿಯುತ್ತದೆ. ಎರಡೂ ಕೇಬಲ್‌ಗಳು ಒಂದೇ ಕಾಲುವೆಯಲ್ಲಿದ್ದರೆ ಮಾತ್ರ 72 ಗಂಟೆ 72 ಗಂಟೆಯಾಗಿಯೇ ಉಳಿಯುತ್ತದೆ.

ದೋಷದ ಸ್ಥಳ ಪತ್ತೆ

ದುರಸ್ತಿಯ ಕಾಲವನ್ನು ಬಿಡಿಸಿ ನೋಡಿದರೆ ಅದರಲ್ಲಿ ದೋಷವನ್ನು ಅರಿಯುವುದು, ಸ್ಥಳ ಗುರುತಿಸುವುದು, ಅಲ್ಲಿಗೆ ತಲುಪುವುದು, ಅಗೆಯುವುದು, ಜೋಡಿಸುವುದು, ಪರೀಕ್ಷಿಸುವುದು ಎಂಬ ಹಂತಗಳಿವೆ. ತಂತುಗಳನ್ನು ಜೋಡಿಸುವುದೇ ಬಹುಕಾಲ ಹಿಡಿಯುತ್ತದೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ವಾಸ್ತವದಲ್ಲಿ ಕಾಲ ಹೆಚ್ಚು ಪೋಲಾಗುವುದು ತಪ್ಪು ಜಾಗವನ್ನು ಅಗೆಯುವುದರಿಂದ.

ಸ್ಥಳ ಪತ್ತೆಗೆ ಬಳಸುವ ಉಪಕರಣಕ್ಕೆ ಓಟಿಡಿಆರ್ ಎಂದು ಹೆಸರು. ಅದು ತಂತುವಿನೊಳಗೆ ಬೆಳಕಿನ ಕಿರು ಮಿಡಿತವನ್ನು ಕಳುಹಿಸಿ, ಹಿಂದಿರುಗಿ ಬರುವ ಕ್ಷೀಣ ಬೆಳಕನ್ನು ಅಳೆಯುತ್ತದೆ. ಬಾವಿಯಲ್ಲಿ ಕೂಗಿ ಪ್ರತಿಧ್ವನಿ ಬರುವ ಹೊತ್ತಿನಿಂದ ಆಳವನ್ನು ಅಂದಾಜು ಮಾಡಿದಂತೆ ಇದು. ಗಾಜಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿ.ಮೀ. ಆದಕಾರಣ 20 ಕಿ.ಮೀ. ದೂರದಲ್ಲಿ ತುಂಡಾಗಿದ್ದರೆ ಪ್ರತಿಫಲನವು ಸೆಕೆಂಡಿನ ಐದು ಸಾವಿರದ ಒಂದು ಭಾಗದಷ್ಟು ಕಾಲದಲ್ಲಿ ಮರಳುತ್ತದೆ. ಉಪಕರಣವು ಈ ಕಾಲವನ್ನು ದೂರಕ್ಕೆ ಪರಿವರ್ತಿಸಿ ತೋರಿಸುತ್ತದೆ.

ಆದರೆ ಅದು ತೋರಿಸುವುದು ತಂತುವಿನ ಉದ್ದವನ್ನು, ನೆಲದ ಮೇಲಿನ ದೂರವನ್ನಲ್ಲ. ಕೇಬಲ್ ಸಾಮಾನ್ಯವಾಗಿ ಎರಡು ಕಿ.ಮೀ. ಉದ್ದದ ಸುರುಳಿಗಳಲ್ಲಿ ಬರುತ್ತದೆ. ಎರಡು ಸುರುಳಿ ಸೇರುವಲ್ಲಿ ಒಂದು ಜೋಡಣೆ, ಅಲ್ಲಿ ಮುಂದಿನ ದುರಸ್ತಿಗೆಂದು ಎರಡೂ ಬದಿಗೆ ಹತ್ತು ಮೀಟರಿನಷ್ಟು ಕೇಬಲನ್ನು ಸುತ್ತಿ ಇಡುತ್ತಾರೆ. ಹೀಗೆ ಪ್ರತಿ ಜೋಡಣೆಯಲ್ಲಿ 20 ಮೀಟರ್ ಎಂದರೂ 30 ಕಿ.ಮೀ. ಹೋಗುವಷ್ಟರಲ್ಲಿ 15 ಜೋಡಣೆಗಳಿಂದ 300 ಮೀಟರ್ ವ್ಯತ್ಯಾಸ. ಗಾಜಿನ ವಕ್ರೀಭವನ ಸೂಚ್ಯಂಕವನ್ನು ಉಪಕರಣದಲ್ಲಿ 1.468ರ ಬದಲು 1.467 ಎಂದು ನಮೂದಿಸಿದರೆ ಅದೇ ದೂರಕ್ಕೆ ಇನ್ನೂ ಸುಮಾರು 20 ಮೀಟರ್. ಹೊನ್ನಾವರದ ವಿನಿಮಯ ಕೇಂದ್ರದಲ್ಲಿ ಕುಳಿತು ಓದಿದ ಅಂಕಿಯನ್ನು ಹಿಡಿದು ಮಂಕಿಯ ಆಚೆ ನೇರವಾಗಿ ಅಗೆಯಲು ತೊಡಗಿದರೆ ಕೇಬಲ್ ಸಿಕ್ಕೀತು, ತುಂಡಾದ ಜಾಗ ಸಿಗಲಿಕ್ಕಿಲ್ಲ.

ಇದಕ್ಕೆ ಪರಿಹಾರ ಎರಡು. ಮೊದಲನೆಯದು, ಎರಡೂ ತುದಿಗಳಿಂದ ಅಳೆದು, ದೋಷಕ್ಕೆ ಅತಿ ಸಮೀಪದ ಪರಿಚಿತ ಜೋಡಣೆಯಿಂದ ದೂರವನ್ನು ಲೆಕ್ಕ ಹಾಕುವುದು. ಆಗ ತಪ್ಪು 300 ಮೀಟರಿನಿಂದ ಕೆಲವೇ ಮೀಟರಿಗೆ ಇಳಿಯುತ್ತದೆ. ಎರಡನೆಯದು, ಕೇಬಲ್ ಹಾಕಿದ ದಿನವೇ ಪ್ರತಿ ತಂತುವಿನ ಓಟಿಡಿಆರ್ ನಕ್ಷೆಯನ್ನೂ ಪ್ರತಿ ಜೋಡಣೆಯ ಅಕ್ಷಾಂಶ ರೇಖಾಂಶಗಳನ್ನೂ ದಾಖಲಿಸಿ, ಪ್ರತಿ ದುರಸ್ತಿಯ ನಂತರ ತಿದ್ದುತ್ತಾ ಹೋಗುವುದು. ಹಳೆಯ ದಾಖಲೆಗಳಲ್ಲಿ ಕಿಲೋಮೀಟರ್ ಕಲ್ಲು, ಆಲದ ಮರ, ಮೋರಿ, ಅಂಗಡಿ ಇವೇ ಗುರುತುಗಳು. ಹೆದ್ದಾರಿ ಅಗಲವಾದಾಗ ಮರ ಹೋಗುತ್ತದೆ, ಮೋರಿ ಹೋಗುತ್ತದೆ, ಕಿಲೋಮೀಟರ್ ಕಲ್ಲು ಹೊಸ ಸಂಖ್ಯೆಯೊಂದಿಗೆ ಬೇರೆಡೆ ನಿಲ್ಲುತ್ತದೆ. ಹೆದ್ದಾರಿಯ ಹೆಸರೇ ಬದಲಾಗಿದೆ: ಕಡತದಲ್ಲಿ 17 ಮತ್ತು 206 ಎಂದಿರುವವು ಈಗ 66 ಮತ್ತು 69. ಎಷ್ಟೋ ಮಾರ್ಗಗಳ ನಿಜವಾದ ನಕ್ಷೆ ನಿವೃತ್ತಿಯ ಅಂಚಿನಲ್ಲಿರುವ ಲೈನ್‌ಮನ್‌ಗಳ ನೆನಪಿನಲ್ಲಿ ಮಾತ್ರ ಉಳಿದಿರುತ್ತದೆ. ಅವರು ಹುದ್ದೆ ಬಿಡುವ ಮೊದಲು ಅವರೊಂದಿಗೆ ಮಾರ್ಗದುದ್ದಕ್ಕೂ ನಡೆದು ಗುರುತು ಮಾಡಿಕೊಳ್ಳುವುದು ಯಾವ ದುಬಾರಿ ಉಪಕರಣಕ್ಕಿಂತಲೂ ಕಡಿಮೆ ಬೆಲೆಯ ಉಪಾಯ.

ತಂತುಗಳ ಜೋಡಣೆ

ದೂರಗಾಮಿ ಕೇಬಲ್‌ಗಳಲ್ಲಿ ಬಳಸುವ ತಂತುವಿನ ವ್ಯಾಸ 125 ಮೈಕ್ರಾನ್. ಬೆಳಕು ಸಾಗುವ ಒಳತಿರುಳು ಕೇವಲ ಒಂಬತ್ತು ಮೈಕ್ರಾನಿನಷ್ಟು. ತುಂಡಾದ ಎರಡು ತುದಿಗಳನ್ನು ನೇರವಾಗಿ ಸೀಳಿ, ಶುಚಿಗೊಳಿಸಿ, ವಿದ್ಯುತ್ ಕಿಡಿಯಿಂದ ಕರಗಿಸಿ ಬೆಸೆಯುವ ಯಂತ್ರಕ್ಕೆ ಸ್ಪ್ಲೈಸಿಂಗ್ ಯಂತ್ರವೆನ್ನುತ್ತಾರೆ. ಯಾವ ತಂತು ಯಾವುದಕ್ಕೆ ಎಂಬುದನ್ನು ಬಣ್ಣ ಹೇಳುತ್ತದೆ. ನೀಲಿ, ಕಿತ್ತಳೆ, ಹಸಿರು, ಕಂದು, ಬೂದು, ಬಿಳಿ, ಕೆಂಪು, ಕಪ್ಪು, ಹಳದಿ, ನೇರಳೆ, ಗುಲಾಬಿ, ತಿಳಿನೀಲಿ ಎಂಬ ಹನ್ನೆರಡು ಬಣ್ಣಗಳ ಕ್ರಮ ಹೆಚ್ಚಿನ ಕೇಬಲ್‌ಗಳಲ್ಲಿ ಬಳಕೆಯಲ್ಲಿದೆ. ಮಳೆಯಲ್ಲಿ, ಟಾರ್ಚಿನ ಬೆಳಕಿನಲ್ಲಿ ಬೂದು ಮತ್ತು ಬಿಳಿಯನ್ನು, ನೀಲಿ ಮತ್ತು ತಿಳಿನೀಲಿಯನ್ನು ಅದಲು ಬದಲು ಮಾಡುವುದು ಸುಲಭ. ಆಗ ಕೇಬಲ್ ಜೋಡಿಸಿದ ಮೇಲೂ ಸೇವೆ ಬರುವುದಿಲ್ಲ. ತೇವ ಮತ್ತು ಧೂಳು ಬೆಸುಗೆಯ ಶತ್ರುಗಳಾದ್ದರಿಂದ ಮಳೆಗಾಲದಲ್ಲಿ ಡೇರೆ ಅಥವಾ ಮುಚ್ಚಿದ ವಾಹನ ಕಡ್ಡಾಯವೆನ್ನಬೇಕು.

ಎಲ್ಲ ತಂತುಗಳನ್ನೂ ಕ್ರಮಸಂಖ್ಯೆಯಂತೆ ಜೋಡಿಸುವುದಕ್ಕಿಂತ, ಆಸ್ಪತ್ರೆ, ತುರ್ತುಸೇವೆ ಮತ್ತು ಮುಖ್ಯ ಮೊಬೈಲ್ ಗೋಪುರಗಳ ದಟ್ಟಣೆಯನ್ನು ಹೊತ್ತ ತಂತುಗಳನ್ನು ಮೊದಲು ಜೋಡಿಸಿ ಸೇವೆ ಚಾಲೂ ಮಾಡಿಸಿಕೊಂಡು, ಬಳಿಕ ಉಳಿದವನ್ನು ಕೈಗೆತ್ತಿಕೊಂಡರೆ ಬಹುಮಂದಿಯ ಸ್ಥಗಿತಾವಧಿ ಅರ್ಧಕ್ಕೆ ಇಳಿಯಬಹುದು. ಇದಕ್ಕೆ ಯಾವ ತಂತುವಿನಲ್ಲಿ ಏನಿದೆ ಎಂಬ ಪಟ್ಟಿ ಸ್ಥಳದಲ್ಲಿರುವವರ ಕೈಯಲ್ಲಿರಬೇಕು.

ಪ್ರತಿ ದುರಸ್ತಿಯೂ ಕೇಬಲಿನ ಆಯುಷ್ಯದಲ್ಲಿ ಸ್ವಲ್ಪವನ್ನು ಕಳೆಯುತ್ತದೆ. 1550 ನ್ಯಾನೊಮೀಟರ್ ಅಲೆಯುದ್ದದಲ್ಲಿ ತಂತುವಿನ ನಷ್ಟ ಕಿ.ಮೀ.ಗೆ ಸುಮಾರು 0.2 ಡೆಸಿಬೆಲ್. ಕುಮಟಾದಿಂದ ಭಟ್ಕಳದವರೆಗೆ 60 ಕಿ.ಮೀ. ಎಂದು ಹಿಡಿದರೆ 12 ಡೆಸಿಬೆಲ್; 29 ಜೋಡಣೆಗಳಿಗೆ ತಲಾ 0.1ರಂತೆ ಇನ್ನೂ ಮೂರರಷ್ಟು. ಒಟ್ಟು ಸುಮಾರು 15. ಜೆಸಿಬಿಗೆ ಸಿಕ್ಕ ಕೇಬಲ್ ಹಿಂಜಿ ಹೋಗಿರುವುದರಿಂದ ಮಧ್ಯೆ ಹೊಸ ತುಂಡೊಂದನ್ನು ಸೇರಿಸಬೇಕು, ಅಂದರೆ ಎರಡು ಹೊಸ ಜೋಡಣೆ. ಇಪ್ಪತ್ತು ಬಾರಿ ತುಂಡಾದ ಮಾರ್ಗದಲ್ಲಿ ನಾಲ್ಕು ಡೆಸಿಬೆಲ್ ಹೆಚ್ಚುವರಿ ನಷ್ಟ ಸೇರಿರುತ್ತದೆ, ಎಂದರೆ ತಲುಪುವ ಬೆಳಕು ಮೊದಲಿನ ಅರ್ಧಕ್ಕಿಂತಲೂ ಕಡಿಮೆ. ಅವಸರದಲ್ಲಿ ಮಾಡಿದ ಕೆಟ್ಟ ಬೆಸುಗೆಗಳಿದ್ದರೆ ಇನ್ನೂ ಹೆಚ್ಚು. ಆಗ ಕೇಬಲ್ ತುಂಡಾಗದೆಯೇ ಸೇವೆ ಬಂದು ಹೋಗಿ ಆಗತೊಡಗುತ್ತದೆ. ಈ ಬಗೆಯ ದೋಷವನ್ನು ಹಿಡಿಯುವುದು ತುಂಡಾದುದನ್ನು ಹಿಡಿಯುವುದಕ್ಕಿಂತ ಕಷ್ಟ. ಅಂತಹ ಭಾಗವನ್ನು ತೇಪೆ ಹಚ್ಚುವುದನ್ನು ಬಿಟ್ಟು ಒಂದು ಜೋಡಣೆಯಿಂದ ಇನ್ನೊಂದರವರೆಗೆ ಹೊಸ ಕೇಬಲ್ ಹಾಕುವುದೇ ಲಾಭಕರ.

ಯೋಜಿತ ನಿರ್ವಹಣೆ

ಹಳೆಯ ಕೇಬಲಿನಿಂದ ಹೊಸದಕ್ಕೆ ಸೇವೆಯನ್ನು ಹೊರಳಿಸುವುದು, ಉಪಕರಣ ಬದಲಾಯಿಸುವುದು ಮೊದಲಾದ ಕೆಲಸಗಳಿಗೆ ಬಳಕೆ ಅತಿ ಕಡಿಮೆ ಇರುವ ಹೊತ್ತನ್ನು ಆರಿಸುತ್ತಾರೆ. ಸಾಮಾನ್ಯವಾಗಿ ಮಧ್ಯರಾತ್ರಿಯಿಂದ ಬೆಳಗಿನ ಜಾವದವರೆಗೆ. ಈ ಕರಾವಳಿಯಲ್ಲಿ ಆ ಲೆಕ್ಕಕ್ಕೆ ಕೆಲವು ತಿದ್ದುಪಡಿಗಳು ಬೇಕು. ಭಟ್ಕಳದ ಅನೇಕ ಕುಟುಂಬಗಳ ಸದಸ್ಯರು ಕೊಲ್ಲಿ ರಾಷ್ಟ್ರಗಳಲ್ಲಿದ್ದಾರೆ. ದುಬೈ ಗಡಿಯಾರ ಭಾರತಕ್ಕಿಂತ ಒಂದೂವರೆ ಗಂಟೆ, ಸೌದಿ ಅರೇಬಿಯಾದ್ದು ಎರಡೂವರೆ ಗಂಟೆ ಹಿಂದೆ. ಅಲ್ಲಿನವರು ಕೆಲಸ ಮುಗಿಸಿ ಮನೆಗೆ ಕರೆ ಮಾಡುವ ಹೊತ್ತು ಇಲ್ಲಿ ನಡುರಾತ್ರಿಗೆ ಹತ್ತಿರ. ರಂಜಾನ್ ತಿಂಗಳಲ್ಲಿ ರಾತ್ರಿಯೆಲ್ಲ ಎಚ್ಚರವೇ. ಭಟ್ಕಳ ಬಂದರು, ಹೊನ್ನಾವರದ ಕಾಸರಕೋಡು ಮತ್ತು ಕುಮಟಾ ತಾಲ್ಲೂಕಿನ ತದಡಿಯಿಂದ ಹೊರಡುವ ಮೀನುಗಾರರು ಬೆಳಗಿನ ಜಾವ ಹವಾಮಾನ ನೋಡಿಕೊಳ್ಳುತ್ತಾರೆ. ಗೋಕರ್ಣ, ಮುರ್ಡೇಶ್ವರಗಳಲ್ಲಿ ಶಿವರಾತ್ರಿಯಂದು ಕೆಲಸ ಹಾಕಿಕೊಳ್ಳುವುದು ಅವಿವೇಕ. ಆದುದರಿಂದ ಗಡಿಯಾರವನ್ನು ನಂಬುವುದಕ್ಕಿಂತ ಆಯಾ ಊರಿನ ದಟ್ಟಣೆಯ ದಾಖಲೆಯನ್ನು ನೋಡಿ ಹೊತ್ತನ್ನು ಗೊತ್ತುಮಾಡುವುದು ಒಳ್ಳೆಯದು.

ಕೆಲಸಕ್ಕೆ ಮೊದಲು ಕ್ರಮವಿಧಾನವನ್ನು ಬರೆದಿಡಬೇಕು: ಯಾವ ತಂತು ಯಾವ ಕ್ರಮದಲ್ಲಿ, ಪ್ರತಿಯೊಂದಕ್ಕೆ ಎಷ್ಟು ನಿಮಿಷ, ಯಾವ ಹೊತ್ತಿನ ಹೊತ್ತಿಗೆ ಮುಗಿಯದಿದ್ದರೆ ಹಳೆಯ ಸ್ಥಿತಿಗೆ ಮರಳಬೇಕು. ಈ ಕೊನೆಯದನ್ನೇ ಹೆಚ್ಚಾಗಿ ಮರೆಯಲಾಗುತ್ತದೆ. ಹೊಸ ಕೇಬಲನ್ನು ಮೊದಲೇ ತುದಿಯಿಂದ ತುದಿಗೆ ಪರೀಕ್ಷಿಸಿ, ನಂತರ ಒಂದೊಂದೇ ತಂತುವನ್ನು ಹೊರಳಿಸಿ, ಒಂದು ಸರಿಯಾದ ಮೇಲೆ ಇನ್ನೊಂದನ್ನು ಮುಟ್ಟಿದರೆ ಪ್ರತಿ ಗ್ರಾಹಕನಿಗೆ ಸೇವೆ ನಿಲ್ಲುವುದು ಕೆಲವೇ ನಿಮಿಷ. ಕೇಬಲನ್ನು ಪೂರ್ತಿ ಕತ್ತರಿಸಿ ಬಳಿಕ ಜೋಡಿಸುತ್ತಾ ಕುಳಿತರೆ ಅದೇ ಕೆಲಸಕ್ಕೆ ಗಂಟೆಗಟ್ಟಲೆ. ಬ್ಯಾಂಕು, ಆಸ್ಪತ್ರೆ, ತಾಲ್ಲೂಕು ಕಚೇರಿಗಳಿಗೆ ಮುಂಚಿತವಾಗಿ ತಿಳಿಸಿದ ಎರಡು ಗಂಟೆಯ ನಿಲುಗಡೆಗಿಂತ ತಿಳಿಸದ ಅರ್ಧ ಗಂಟೆಯ ನಿಲುಗಡೆ ಹೆಚ್ಚು ತೊಂದರೆ ಕೊಡುತ್ತದೆ.

ಎರಡನೆಯ ದಾರಿ

ಎರಡು ಊರುಗಳ ನಡುವೆ ಎರಡು ಕಡೆಯಿಂದ ಸಂಪರ್ಕವಿದ್ದು ಜಾಲವು ಬಳೆಯ ಆಕಾರದಲ್ಲಿದ್ದರೆ ಅದಕ್ಕೆ ರಿಂಗ್ ಎನ್ನುತ್ತಾರೆ. ಒಂದು ಕಡೆ ತುಂಡಾದರೆ ಸೇವೆ ಇನ್ನೊಂದು ಕಡೆಯಿಂದ ಸುತ್ತಿ ಬರುತ್ತದೆ. ಅಂತರರಾಷ್ಟ್ರೀಯ ಮಾನದಂಡಗಳ ಪ್ರಕಾರ ಈ ಹೊರಳುವಿಕೆ 50 ಮಿಲಿಸೆಕೆಂಡಿನೊಳಗೆ ಆಗಬೇಕು. ಮಾತನಾಡುತ್ತಿರುವವರಿಗೆ ಅದು ತಿಳಿಯುವುದೂ ಇಲ್ಲ.

ಕಾಗದದ ಮೇಲೆ ಬಳೆಯಂತೆ ಕಾಣುವ ಜಾಲಗಳೆಲ್ಲ ನೆಲದ ಮೇಲೆ ಬಳೆಯಾಗಿರುವುದಿಲ್ಲ. ಎರಡೂ ಕೈಗಳು ಒಂದೇ ಹೆದ್ದಾರಿಯ ಎಡ ಬಲ ಅಂಚುಗಳಲ್ಲಿ ಅಥವಾ ಒಂದೇ ಸೇತುವೆಯ ಮೇಲೆ ಸಾಗಿದರೆ ಒಂದೇ ಗುಡ್ಡ ಕುಸಿತಕ್ಕೆ ಎರಡೂ ಹೋಗುತ್ತವೆ. ಕರಾವಳಿಯ ಮಟ್ಟಿಗೆ ಇದೇ ಮುಖ್ಯ ಸಮಸ್ಯೆ. ಹೆದ್ದಾರಿ ಮತ್ತು ರೈಲು ಮಾರ್ಗಗಳನ್ನು ಎರಡು ಕೈಗಳಾಗಿ ಬಳಸಬಹುದು. ಅವು ಕೆಲವೆಡೆ ಸಮೀಪ ಬಂದರೂ ಬಹುಪಾಲು ಬೇರೆಯಾಗಿವೆ. ರೈಲ್ವೆ ಆವರಣದೊಳಗೆ ಅನ್ಯರ ಅಗೆತ ವಿರಳ, ಮಳೆಗಾಲದಲ್ಲಿ ಹಳಿಯುದ್ದಕ್ಕೂ ವಿಶೇಷ ಗಸ್ತು ಇರುತ್ತದೆ.

ನಿಜವಾದ ಭಿನ್ನ ದಾರಿ ಬೇಕೆಂದರೆ ಘಟ್ಟವನ್ನು ಹತ್ತಬೇಕು. ಕುಮಟಾದಿಂದ ದೇವಿಮನೆ ಘಟ್ಟದ ಮೂಲಕ ಶಿರಸಿ, ಹೊನ್ನಾವರದಿಂದ ಗೇರುಸೊಪ್ಪೆ ಮತ್ತು ಜೋಗದ ಕಡೆಯಿಂದ ಸಾಗರ, ಭಟ್ಕಳದಿಂದ ಕೋಗಾರ ಘಟ್ಟದ ಮೂಲಕ ಸಾಗರ ಹೀಗೆ ಮೂರು ಪಟ್ಟಣಗಳಿಗೂ ಪೂರ್ವದ ಕಡೆ ಒಂದೊಂದು ರಸ್ತೆಯಿದೆ. ಇವುಗಳಲ್ಲಿ ಯಾವ ಒಂದನ್ನು ಕರಾವಳಿಯ ಮಾರ್ಗದೊಂದಿಗೆ ಸೇರಿಸಿದರೂ ಬಳೆ ಪೂರ್ಣವಾಗುತ್ತದೆ. ಅಡಚಣೆಗಳೂ ಇವೆ. ಜಿಲ್ಲೆಯ ಸುಮಾರು ಮುಕ್ಕಾಲು ಪಾಲು ಅರಣ್ಯವಾದ್ದರಿಂದ ಅಗೆಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಶರಾವತಿ ಕಣಿವೆಯಲ್ಲಿ ಅಭಯಾರಣ್ಯದ ನಿಯಮಗಳೂ ಅನ್ವಯಿಸುತ್ತವೆ. ಘಟ್ಟದ ರಸ್ತೆಗಳೂ ಮಳೆಗೆ ಕುಸಿಯುವವೇ. ಹೀಗಾಗಿ ಮೇಲೆ ಲೆಕ್ಕ ಹಾಕಿದ 36 ನಿಮಿಷ ಎಂಬುದು ಎರಡೂ ದಾರಿಗಳ ದೋಷಗಳು ಪರಸ್ಪರ ಸಂಬಂಧವಿಲ್ಲದವು ಎಂಬ ಊಹೆಯ ಮೇಲೆ ನಿಂತಿದೆ. ಜುಲೈ ತಿಂಗಳ ಮಳೆ ಆ ಊಹೆಯನ್ನು ಪೂರ್ತಿ ಉಳಿಯಗೊಡುವುದಿಲ್ಲ. ವಿದ್ಯುತ್ ಪ್ರಸರಣ ಗೋಪುರಗಳ ನೆತ್ತಿಯ ಭೂತಂತಿಯೊಳಗೆ ದ್ಯುತಿತಂತುವನ್ನು ಅಡಗಿಸುವ ಓಪಿಜಿಡಬ್ಲ್ಯು ಎಂಬ ತಂತ್ರಕ್ಕೆ ಅಗೆತದ ಭಯವಿಲ್ಲ. ಶರಾವತಿಯ ಜಲವಿದ್ಯುದಾಗಾರಗಳು, ಕೈಗಾ ಅಣುಸ್ಥಾವರ ಇರುವ ಈ ಜಿಲ್ಲೆಯ ಪರಿಸರದಲ್ಲಿ ಪ್ರಸರಣ ಮಾರ್ಗಗಳಿಗೆ ಕೊರತೆಯಿಲ್ಲವಾದ್ದರಿಂದ ಇದು ಗಮನಾರ್ಹ ಆಯ್ಕೆ. ತಾತ್ಕಾಲಿಕ ಆಸರೆಯಾಗಿ ಗುಡ್ಡದ ನೆತ್ತಿಯ ಗೋಪುರಗಳ ನಡುವೆ ಮೈಕ್ರೋವೇವ್ ಕೊಂಡಿಯನ್ನು ಉಳಿಸಿಕೊಳ್ಳಬಹುದು. ಅದರ ಸಾಮರ್ಥ್ಯ ಕಡಿಮೆ, ಆದರೆ ತುರ್ತು ಕರೆಗಳಿಗೆ ಸಾಕು.

ಕೇಂದ್ರ ಸಂಪುಟ 2023ರ ಆಗಸ್ಟ್‌ನಲ್ಲಿ ಒಪ್ಪಿದ, 1,39,579 ಕೋಟಿ ರೂಪಾಯಿ ಅಂದಾಜಿನ ತಿದ್ದುಪಡಿಗೊಂಡ ಭಾರತ್‌ನೆಟ್ ಕಾರ್ಯಕ್ರಮವು ಗ್ರಾಮ ಪಂಚಾಯಿತಿಗಳಿಗೂ ಒಂಟಿ ದಾರಿಯ ಬದಲು ರಿಂಗ್ ವಿನ್ಯಾಸವನ್ನು ಗೊತ್ತುಪಡಿಸಿದೆ. ಹತ್ತು ವರ್ಷಗಳ ನಿರ್ವಹಣೆಯನ್ನೂ ಅದರೊಳಗೆ ಸೇರಿಸಲಾಗಿದೆ. ನಿರ್ಮಾಣಕ್ಕೆ ಹಣವಿದ್ದು ನಿರ್ವಹಣೆಗೆ ಇಲ್ಲದಿದ್ದ ಹಿಂದಿನ ಸ್ಥಿತಿಗೆ ಹೋಲಿಸಿದರೆ ಇದು ಮಹತ್ತ್ವದ ಬದಲಾವಣೆ.

ವಿದ್ಯುತ್ತು ಮತ್ತು ಮುಂಗಾರಿನ ಸಿದ್ಧತೆ

ತಂತು ಅಖಂಡವಾಗಿದ್ದರೂ ಎರಡು ತುದಿಗಳ ಉಪಕರಣಗಳಿಗೆ ವಿದ್ಯುತ್ ಬೇಕು. ಗಾಳಿ ಮಳೆಗೆ ಹೆಸ್ಕಾಂ ಪೂರೈಕೆ ದಿನಗಟ್ಟಲೆ ನಿಂತಾಗ ಬ್ಯಾಟರಿ ಬರಿದಾಗಿ ಸೇವೆ ನಿಲ್ಲುತ್ತದೆ. ಜನರು ಅದನ್ನೂ ಕೇಬಲ್ ಕಡಿದುದೆಂದೇ ಭಾವಿಸುತ್ತಾರೆ. ಮೇ ತಿಂಗಳಲ್ಲಿ ಬ್ಯಾಟರಿಗಳ ಧಾರಣಶಕ್ತಿ ಪರೀಕ್ಷೆ, ಡೀಸೆಲ್ ಸಂಗ್ರಹ, ಜೋಡಣೆ ಪೆಟ್ಟಿಗೆಗಳಿಗೆ ನೀರು ನುಗ್ಗದಂತೆ ಮುಚ್ಚಿಗೆ, ತಂತಿಯ ಮೇಲೆ ಬಾಗಿದ ಕೊಂಬೆಗಳ ಕತ್ತರಿಕೆ ಇವು ಮುಗಿದಿರಬೇಕು. ಶರಾವತಿ ಮತ್ತು ಅಘನಾಶಿನಿಯ ಎರಡೂ ದಡಗಳಲ್ಲಿ ಬಿಡಿ ಕೇಬಲ್ ಮತ್ತು ಸ್ಪ್ಲೈಸಿಂಗ್ ಯಂತ್ರವನ್ನು ಇರಿಸಿಕೊಂಡರೆ ಸೇತುವೆ ಅಥವಾ ಹೆದ್ದಾರಿ ಮುಚ್ಚಿದ ದಿನವೂ ಒಂದು ತಂಡವಾದರೂ ಸ್ಥಳ ತಲುಪಬಲ್ಲದು.

ಕಾನೂನು ಮತ್ತು ಗ್ರಾಹಕರ ಹಕ್ಕು

ಅಮೆರಿಕದಲ್ಲಿ ಅಗೆಯುವ ಮುನ್ನ 811 ಸಂಖ್ಯೆಗೆ ಕರೆ ಮಾಡುವ ಏರ್ಪಾಡು 2007ರಿಂದ ಇದೆ. ಭಾರತದಲ್ಲಿ ಇದೇ ಉದ್ದೇಶದ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಮೊಬೈಲ್ ಅನ್ವಯವನ್ನು 2023ರ ಮಾರ್ಚ್ 22ರಂದು ಪ್ರಧಾನಿ ನರೇಂದ್ರ ಮೋದಿ ಬಿಡುಗಡೆ ಮಾಡಿದರು. ಅಗೆಯುವವರು ಸ್ಥಳವನ್ನು ನಮೂದಿಸಿದರೆ ಅಲ್ಲಿ ನೆಲದಡಿ ಆಸ್ತಿ ಹೊಂದಿರುವ ಸಂಸ್ಥೆಗಳಿಗೆ ಸೂಚನೆ ಹೋಗುತ್ತದೆ. ಅವೈಜ್ಞಾನಿಕ ಅಗೆತದಿಂದ ದೇಶಕ್ಕೆ ವರ್ಷಕ್ಕೆ ಸುಮಾರು 3,000 ಕೋಟಿ ರೂಪಾಯಿ ನಷ್ಟವಾಗುತ್ತಿದೆಯೆಂದು ಸರ್ಕಾರ ಆಗ ತಿಳಿಸಿತು. ಕೇಬಲ್ ಮಾಲೀಕರು ತಮ್ಮ ಮಾರ್ಗದ ನಕ್ಷೆಯನ್ನು ಸರಿಯಾಗಿ ತುಂಬಿದ್ದರೆ ಮಾತ್ರ ಈ ಅನ್ವಯ ಉಪಯೋಗಕ್ಕೆ ಬರುತ್ತದೆ. 2023ರ ದೂರಸಂಪರ್ಕ ಕಾಯ್ದೆಯು ದೂರಸಂಪರ್ಕ ಸೌಕರ್ಯಕ್ಕೆ ಹಾನಿ ಮಾಡಿದವರಿಂದ ಪರಿಹಾರ ಪಡೆಯುವುದರ ಜೊತೆಗೆ 50 ಲಕ್ಷ ರೂಪಾಯಿವರೆಗಿನ ದಂಡಕ್ಕೂ ಅವಕಾಶ ಕಲ್ಪಿಸಿದೆ.

ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು (ಟ್ರಾಯ್) 2006ರಲ್ಲಿ ರೂಪಿಸಿದ ಬ್ರಾಡ್‌ಬ್ಯಾಂಡ್ ಗುಣಮಟ್ಟದ ನಿಯಮಗಳಲ್ಲಿ, ಶೇ. 90ಕ್ಕಿಂತ ಹೆಚ್ಚು ದೋಷಗಳನ್ನು ಮರು ಕೆಲಸದ ದಿನದೊಳಗೆ, ಶೇ. 99ರಷ್ಟನ್ನು ಮೂರು ಕೆಲಸದ ದಿನಗಳೊಳಗೆ ಸರಿಪಡಿಸಬೇಕೆಂದೂ, ಅದನ್ನು ಮೀರಿದರೆ ಬಾಡಿಗೆಯಲ್ಲಿ ರಿಯಾಯಿತಿ ಕೊಡಬೇಕೆಂದೂ ಇತ್ತು. 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಹೊಸ ನಿಯಮಾವಳಿಯಂತೆ ಒಂದು ಜಿಲ್ಲೆಯಲ್ಲಿ ಸೇವೆ ನಾಲ್ಕು ಗಂಟೆಗಿಂತ ಹೆಚ್ಚು ನಿಂತರೆ ಕಂಪನಿಯು 24 ಗಂಟೆಯೊಳಗೆ ಪ್ರಾಧಿಕಾರಕ್ಕೆ ವರದಿ ಮಾಡಬೇಕು. ನಿಲುಗಡೆ 24 ಗಂಟೆ ಮೀರಿದರೆ ಆ ಜಿಲ್ಲೆಯ ಗ್ರಾಹಕರಿಗೆ ಬಾಡಿಗೆ ರಿಯಾಯಿತಿ ಅಥವಾ ಹೆಚ್ಚುವರಿ ಅವಧಿ ಸಲ್ಲಬೇಕು. ಇಲ್ಲಿ ಎಣಿಕೆಯ ಘಟಕ ಜಿಲ್ಲೆ ಎಂಬುದು ಗಮನಿಸತಕ್ಕ ಅಂಶ. ಹನ್ನೆರಡು ತಾಲ್ಲೂಕುಗಳ ಉತ್ತರ ಕನ್ನಡದಲ್ಲಿ ಶಿರಸಿ, ಹಳಿಯಾಳ, ದಾಂಡೇಲಿಗಳಲ್ಲಿ ಸೇವೆ ಸುಗಮವಾಗಿದ್ದು ಭಟ್ಕಳ ಒಂದೇ ಎರಡು ದಿನ ಸಂಪರ್ಕ ಕಳೆದುಕೊಂಡರೆ ಅದು ಜಿಲ್ಲಾಮಟ್ಟದ ನಿಲುಗಡೆಯ ಲೆಕ್ಕಕ್ಕೆ ಬರುವುದು ಕಷ್ಟ. ಪಡಿತರ ಅಂಗಡಿಯ ಬೆರಳಚ್ಚು ಯಂತ್ರ, ನಾಡಕಚೇರಿಯ ಪ್ರಮಾಣಪತ್ರ, ಉಪನೋಂದಣಾಧಿಕಾರಿ ಕಚೇರಿಯ ಕಾವೇರಿ ತಂತ್ರಾಂಶ ಇವೆಲ್ಲ ಇದೇ ಜಾಲವನ್ನು ಅವಲಂಬಿಸಿವೆ. ಒಂದು ತಾಲ್ಲೂಕಿನ ಜನ ಅಂತಹ ದಿನಗಳಲ್ಲಿ ಬರಿಗೈಯಲ್ಲಿ ಹಿಂದಿರುಗಿದರೂ ಜಿಲ್ಲೆಯ ಅಂಕಿಅಂಶದಲ್ಲಿ ಅದು ಕಾಣಿಸದೇ ಹೋಗಬಹುದು. ಬಿಡಿ ಗ್ರಾಹಕರು ಮೊದಲು ಕಂಪನಿಯ ದೂರು ಕೇಂದ್ರದಲ್ಲಿ ದೂರು ದಾಖಲಿಸಿ ದೂರಿನ ಸಂಖ್ಯೆಯನ್ನು ಪಡೆದು, ಪರಿಹಾರ ಸಿಗದಿದ್ದಲ್ಲಿ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು.